ಹುಳುಮನೆಗೆ ಬಂದ ಪೆಟ್ಟಿಗೆ

ಅಪ್ಪನ ಬಗ್ಗೆ ನನಗಿದ್ದದ್ದು ಒಂದೇ ನೆನಪು. ಅದರಲ್ಲಿ ಅವನ ಮುಖವಿರಲಿಲ್ಲ. ನಾನು ಅವನ ಹೆಗಲ ಮೇಲೆ ಕೂತಿದ್ದೇನೆ. ಕೆಳಗೆ ನಮ್ಮ ಹಿಪ್ಪುನೇರಳೆ ತೋಟ, ಗಿಡಗಳ ಮೇಲೆಲ್ಲ ಹರಡಿಕೊಂಡು ಬಿದ್ದಿರುವ ಕಿತ್ತಳೆ ಬಣ್ಣದ ದೊಡ್ಡ ಬಟ್ಟೆ. ಬೀಳದ ಹಾಗೆ ಅವನ ತಲೆ ತಬ್ಬಿಕೊಂಡಿದ್ದೇನೆ. ಬೆರಳಿಗೆ ಅವನ ಕಿವಿಯ ಹಿಂದಿನ ಕನ್ನಡಕದ ಕಡ್ಡಿ ಸಿಕ್ಕಿದೆ. "ಹೆದರಬೇಡ ಮರಿ, ಗಟ್ಟಿಯಾಗಿ ಹಿಡ್ಕೋ" ಅನ್ನುತ್ತಾನೆ. ಆಮೇಲೆ ನಮ್ಮ ಪಡಸಾಲೆಯಲ್ಲಿ ಕೂತು ಮುದ್ದೆ, ಹಿದುಕಿದ ಅವರೆಬೇಳೆ ಸಾರು ಉಣ್ಣುತ್ತಾನೆ. ಸಾರು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾನೆ. ಇಷ್ಟೇ.

ಅಪ್ಪ ಟೊಮೇಟೊ ಲಾರಿ ಓಡಿಸುತ್ತಿದ್ದ. ನಂಗಲಿ ದಾಟಿ ಘಾಟಿ ಇಳಿಯುವಾಗ ಲಾರಿ ಮಗುಚಿ ಸತ್ತ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ ಆಷಾಢವದು. ಮನೆಯಲ್ಲಿ ಅವನದೊಂದು ಫೋಟೋ ಇದೆ, ಮದುವೆಯದು. ಬಾಸಿಂಗ ಅರ್ಧ ಮುಖವನ್ನೂ ಯಾರದೋ ಕೈ ಉಳಿದರ್ಧವನ್ನೂ ಮುಚ್ಚಿಬಿಟ್ಟಿವೆ. ಹಾಗಾಗಿ ನಾನು ಆ ಹೆಗಲನ್ನೇ ನೆಚ್ಚಿಕೊಂಡು ಬೆಳೆದೆ. ಕನ್ನಡಕ ಎಲ್ಲಿಂದ ಬಂತು ಎಂದು ಕೇಳಿಕೊಂಡಾಗೆಲ್ಲ, ಲಾರಿಯವರು ಬಿಸಿಲಿಗೆ ಕಪ್ಪು ಕನ್ನಡಕ ಹಾಕುತ್ತಾರಲ್ಲ ಎಂದು ನಾನೇ ಉತ್ತರ ಕೊಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲಿ ಯಾರೂ ಮಕ್ಕಳನ್ನು 'ಮರಿ' ಎನ್ನುವುದಿಲ್ಲ. ರಾಯಲ್ಪಾಡಿನ ಕಡೆಯವರು ನಾವು, ಒಳಗೆಲ್ಲ ತೆಲುಗು, ಅಪ್ಪನನ್ನು ಕರೆಯುವುದು ನಾಯ್ನ ಎಂದು. ಅದಕ್ಕೂ ಏನೋ ಒಂದು ಉತ್ತರ ಇಟ್ಟುಕೊಂಡಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು, ಮಾಲೂರಿನಲ್ಲಿ ಪಿಯುಸಿ ಹುಡುಗರಿಗೆ ಕಂಡದ್ದನ್ನೆಲ್ಲ ನಂಬಬೇಡಿ ಎಂದು ಪಾಠ ಮಾಡುವವನು. ದೇವರನ್ನು ಬಿಟ್ಟೆ, ಜಾತಕ ಬಿಟ್ಟೆ, ಮುಹೂರ್ತ ಕೇಳದೆ ಮದುವೆಯಾದೆ. ಈ ಒಂದನ್ನು ಮಾತ್ರ ಪರೀಕ್ಷೆಗೆ ಇಡಲಿಲ್ಲ.

ಆ ಬಟ್ಟೆಯ ಕತೆ ಊರಿಗೆಲ್ಲ ಗೊತ್ತಿರುವುದೇ. ಉತ್ತರದಲ್ಲೆಲ್ಲೋ ವಿಜ್ಞಾನಿಗಳು ಹಾರಿಸಿದ ದೊಡ್ಡ ಬಲೂನು ಗಾಳಿಗೆ ದಿಕ್ಕು ತಪ್ಪಿ ಬಂದು, ಅದಕ್ಕೆ ಕಟ್ಟಿದ್ದ ಪೆಟ್ಟಿಗೆ ಪ್ಯಾರಾಚೂಟಿನ ಸಮೇತ ನಮ್ಮ ತೋಟದಲ್ಲಿ ಇಳಿದಿತ್ತು. ಅವರೆಕಾಯಿ ಕಾಲ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ನಾವು ಜ್ವರ ಎನ್ನುವ ಆ ನಿದ್ದೆಯಿಂದ ಎದ್ದಿದ್ದವು. ಪೆಟ್ಟಿಗೆ ಸರ್ಕಾರದ್ದು, ಜೋಪಾನವಾಗಿಡಬೇಕು ಎಂದು ಅದರ ಮೇಲೆ ತೆಲುಗಿನಲ್ಲಿ ಅಂಟಿಸಿತ್ತು. ನಮ್ಮಲ್ಲಿ ಬೀಗ ಹಾಕುವ, ಇಲಿ ನುಗ್ಗದ, ಚಪ್ಪಲಿ ಕಾಲು ಸೋಕದ ಜಾಗ ಎಂದರೆ ಆ ಹುಳ ಸಾಕುವ ಹುಳುಮನೆ ಒಂದೇ. ಅಲ್ಲಿಡೋಣ ಎಂದಳು ಅಜ್ಜಿ. ಆದರೆ ಹೊರಗಿನದು ಏನೇ ಒಳಗೆ ಹೋಗಲಿ, ಮೊದಲು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಹುಳಕ್ಕೆ ರೋಗ ತಗಲುತ್ತದೆ. ಮನುಷ್ಯರು ಕೂಡ ಹೊಸ್ತಿಲಲ್ಲಿ ಅದೇ ನೀರಿನಲ್ಲಿ ಕಾಲದ್ದಿ ಒಳಗೆ ಹೋಗುತ್ತಿದ್ದೆವು. ಆಕಾಶದಿಂದ ಬಿದ್ದದ್ದು, ಯಾವ ಯಾವ ಊರ ಗಾಳಿ ಕುಡಿದು ಬಂದಿದೆಯೋ ಎಂದು ಚಿಕ್ಕಪ್ಪ ಸ್ಪಾನರ್ ತಂದು ಮುಚ್ಚಳ ಬಿಚ್ಚಿದ. ಅಜ್ಜಿ, ಅಮ್ಮ ಸೇರಿ ಒಳಗಿನದನ್ನೆಲ್ಲ ಒಂದೊಂದಾಗಿ ತೆಗೆದು ತೊಳೆದರು. ಒಂದು ಕಪ್ಪು ಡಬ್ಬಿಯಲ್ಲಿ ಉದ್ದನೆಯ ಫಿಲಂ ರೀಲಿತ್ತು. ಅದನ್ನೂ ಬಿಚ್ಚಿ, ಅದ್ದಿ, ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹರವಿದರು. ಉಳಿದದ್ದೆಲ್ಲ ಒಣಗಿದ ಮೇಲೆ ಸುಣ್ಣದ ಪುಡಿ ಧೂಳಿಸಿ, ಮತ್ತೆ ತುಂಬಿ, ಹುಳುಮನೆಯ ಮೂಲೆಯಲ್ಲಿಟ್ಟು ಬೀಗ ಹಾಕಿದರು, ರೀಲು ಮಾತ್ರ ಇನ್ನೂ ಹಗ್ಗದ ಮೇಲೇ ಇತ್ತು. ಮಾರನೆಯ ದಿನ ಜೀಪಿನಲ್ಲಿ ವಿಜ್ಞಾನಿಯೊಬ್ಬರು ಬಂದು ಎಲ್ಲವನ್ನೂ ತೆಗೆದುಕೊಂಡು ಹೋದರು. ಮನೆಯಲ್ಲಿ ಕತೆ ಇಲ್ಲಿಗೆ ನಿಲ್ಲುತ್ತದೆ. ಆ ರೀಲಿನಲ್ಲಿ ಏನಿತ್ತು ಎನ್ನುವುದು ನನಗೆ ಅರ್ಥವಾಗಿದ್ದು ಕಾಲೇಜಿಗೆ ಹೋದ ಮೇಲೆ. ಪೆಟ್ಟಿಗೆಯೊಳಗಿದ್ದ ದುರ್ಬೀನು ಯಾವ ನಕ್ಷತ್ರದ ಕಡೆ ನೋಡುತ್ತಿತ್ತು ಎಂದು ತಿಳಿಯುವುದೇ ಆ ಫಿಲಂನಿಂದ. ಅದಿಲ್ಲದೆ ಉಳಿದ ಅಳತೆಗಳೆಲ್ಲ ದಂಡ.

ಹೋದ ಆಷಾಢದಲ್ಲಿ ಅಪ್ಪನ ತಿಥಿಗೆ ಊರಿಗೆ ಹೋದಾಗ ಈ ಕತೆಯನ್ನು ಮತ್ತೆ ಹೇಳುತ್ತಿದ್ದೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪ್ಯಾರಾಚೂಟ್ ತೋರಿಸಿದ ಎನ್ನುವಾಗ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಚಿಕ್ಕಪ್ಪ ತಲೆಯೆತ್ತಿದ.

"ಯಾರು, ನಿಮ್ಮಪ್ಪನಾ? ಲೇ, ಆ ಪೆಟ್ಗೆ ಬಿದ್ದಾಗ ನಿಮ್ಮಪ್ಪ ಎಲ್ಲಿದ್ನೋ? ಮೇಲಿಂದ ಅವನೇ ತಳ್ಳಿರ್ಬೇಕು ಅಷ್ಟೇ."

"ನೀನು ಸುಮ್ನಿರಪ್ಪಾ" ಎಂದಳು ಅಮ್ಮ. ಹಾಗೆ ಗದರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಅಲ್ಲತ್ಗೆ, ಓದ್ಕೊಂಡಿರೋನು, ಲೆಕ್ಕ ಹಾಕ್ಲಿ ಅಂತ..."

"ಸುಮ್ನಿರು ಅಂದ್ನಲ್ಲ."

ಮಾಲೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ. ಪೆಟ್ಟಿಗೆ ಬಿದ್ದದ್ದು ಅಪ್ಪ ಸಾಯುವ ಮುಂಚೆಯೋ, ಆಮೇಲೋ? "ನಂಗೆಲ್ಲಿ ನೆನಪಿರುತ್ತೋ" ಎಂದು ಕಿಟಕಿಯ ಕಡೆ ತಿರುಗಿದಳು. ಯಾರ ಮದುವೆಗೆ ಯಾರು ಯಾವ ಸೀರೆ ಉಟ್ಟಿದ್ದರು ಎಂದು ಹೇಳಬಲ್ಲವಳು ಅವಳು.

ಸಮಯವೂ ಹಾಗಿತ್ತು. ಆ ವರ್ಷ ನನ್ನ ನೆನಪಿನ ಮೇಲೆ ನನಗೇ ಭರವಸೆ ಹೊರಟುಹೋಗಿತ್ತು. ಮಾಲೂರು ಸ್ಟೇಷನ್ನಿನಲ್ಲಿ ಸ್ಕೂಟರ್ ನಿಲ್ಲಿಸಿದ್ದನ್ನು ಮರೆತು ಕಳುವಾಯಿತೆಂದು ಪೊಲೀಸರಿಗೆ ಹೇಳಿ, ಅವರೇ ಅದನ್ನು ಅಲ್ಲೇ ತೋರಿಸಿದ್ದರು. ಪಾಠದ ನಡುವೆ ಮುಂದಿನ ಸಾಲು ಸಿಗದೆ ಬೋರ್ಡಿನ ಕಡೆ ತಿರುಗಿ ನಿಂತುಬಿಡುತ್ತಿದ್ದೆ. ಕೋಲಾರದ ಡಾಕ್ಟರು ನಿದ್ದೆ ಮಾಡಿ ಎಂದರು. ನಿದ್ದೆಯೇ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಹೆಗಲು. ದಿನಾ ಅದನ್ನು ಎತ್ತಿ ಎತ್ತಿ ನೋಡಿ, ಇನ್ನಷ್ಟು ಸವೆಸುತ್ತಿದ್ದೇನೆಯೇ ಎಂದು ಬೇರೆ ಹೆದರಿಕೆ.

ಅಷ್ಟರಲ್ಲಿ ಪತ್ರಿಕೆಯಲ್ಲೊಂದು ಸಣ್ಣ ಸುದ್ದಿ. ತೀರಿಕೊಂಡ ಬಾಹ್ಯಾಕಾಶ ವಿಜ್ಞಾನಿಯೊಬ್ಬರ ಖಾಸಗಿ ಹಾಗೂ ವೃತ್ತಿಯ ಕಾಗದಪತ್ರಗಳನ್ನು ಅವರ ಮನೆಯವರು ಬೆಂಗಳೂರಿನ ಒಂದು ಸಂಸ್ಥೆಯ ಸಂಗ್ರಹಾಲಯಕ್ಕೆ ಕೊಟ್ಟಿದ್ದಾರೆ, ಯಾರು ಬೇಕಾದರೂ ಹೋಗಿ ನೋಡಬಹುದು. ಬಲೂನು ಪ್ರಯೋಗಗಳಲ್ಲಿ ಬಹುಕಾಲ ದುಡಿದವರು ಎಂದಿತ್ತು. ಹೆಸರು ಓದಿದೊಡನೆ ಗುರುತು ಹತ್ತಿತು. ಜೀಪಿನಲ್ಲಿ ಬಂದಿದ್ದ ವಿಜ್ಞಾನಿಯ ಹೆಸರದು, ಚಿಕ್ಕಪ್ಪ ಅದನ್ನೇ ತಿರುಚಿ ನಮ್ಮ ಕೋಣಕ್ಕೆ ಇಟ್ಟಿದ್ದ.

ರೈಲಿನಲ್ಲಿ ನಿಂತುಕೊಂಡೇ ಹೋದೆ. ಬೇಕಾಗಿದ್ದುದು ಇಷ್ಟೇ, ಪೆಟ್ಟಿಗೆ ಬಿದ್ದದ್ದು ನಾನು ಸ್ಕೂಲಿಗೆ ಸೇರುವ ಮುಂಚಿನ ಅವರೆಕಾಲದಲ್ಲಿ ಎಂದು ಒಂದು ಕಡೆ ಇದ್ದರೆ ಸಾಕು. ಇದ್ದರೆ ಅಪ್ಪ ಇದ್ದ. ಇಲ್ಲದಿದ್ದರೆ? ಅದರ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ.

ಸಂಗ್ರಹಾಲಯದಲ್ಲಿ ಚೂಡಿದಾರ ಹಾಕಿದ ಒಬ್ಬಾಕೆ ಇದ್ದರು, ನನ್ನ ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. "ಸಾರ್, ಬ್ಯಾಗು ಲಾಕರಲ್ಲಿಡಿ. ಪೆನ್ನು ಬೇಡ, ಪೆನ್ಸಿಲ್ ಕೊಡ್ತೀನಿ. ಕೈ ತೊಳ್ಕೊಂಡು, ಒರೆಸ್ಕೊಂಡು ಬನ್ನಿ."

"ನಮ್ಮ ಹುಳುಮನೆ ಥರಾನೇ ಇದೆಯಲ್ಲಮ್ಮ ಇದು" ಎಂದೆ.

"ಏನು ಸಾರ್?"

"ಏನಿಲ್ಲ."

ಬೂದು ಬಣ್ಣದ ರಟ್ಟಿನ ಪೆಟ್ಟಿಗೆಗಳು, ಹತ್ತಿಯ ಲಾಡಿ ಕಟ್ಟಿದ ಕಡತಗಳು. ಒಬ್ಬ ಮನುಷ್ಯ ಹೀಗೆ ಉಳಿಯುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಲೆಕ್ಕದ ಹಾಳೆಗಳು, ಗಾಳಿಯ ವೇಗದ ನಕ್ಷೆಗಳು, ಹೀಲಿಯಂ ತಡವಾಯಿತೆಂದು ಜಗಳದ ಕಾಗದಗಳು. ಅವುಗಳ ನಡುವೆಯೇ ಹೆಂಡತಿಯ ಪತ್ರ: ಗ್ಯಾಸ್ ಸಿಲಿಂಡರ್ ಬಂದಿಲ್ಲ, ಮಗುವಿಗೆ ಹಲ್ಲು ಬಂದಿದೆ, ನೀವು ಯಾವಾಗ ಬರುತ್ತೀರಿ. ಒಂದು ಲಕೋಟೆಯಲ್ಲಿ ಕಣ್ಣಿನ ಡಾಕ್ಟರ ಹಳೆಯ ಚೀಟಿಗಳು, ವರ್ಷ ವರ್ಷಕ್ಕೂ ದಪ್ಪವಾಗುತ್ತಾ ಹೋದ ಗಾಜಿನ ನಂಬರುಗಳು. ಅದನ್ನು ಬೇಗ ಮುಚ್ಚಿಟ್ಟೆ. ಯಾಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ನಮ್ಮ ಪೆಟ್ಟಿಗೆಯ ವರದಿ ಸಿಕ್ಕಿತು. ಟೈಪ್ ಮಾಡಿದ ತೆಳು ಕಾಗದ, ಇಂಗ್ಲಿಷು. ಪೆಟ್ಟಿಗೆ ಇಳಿದ ರಭಸಕ್ಕೆ ಮುಚ್ಚಳ ಬಿರಿದು, ಫಿಲಂಗೆ ಬೆಳಕು ತಗುಲಿ ಹಾಳಾಯಿತು. ಸ್ಥಳೀಯರು ಬಹಳ ಸಹಕಾರ ಕೊಟ್ಟರು. ಇಷ್ಟೇ. ಬ್ಲೀಚಿಂಗ್ ಪೌಡರ್ ಇಲ್ಲ, ಸುಣ್ಣವಿಲ್ಲ, ಹಗ್ಗವಿಲ್ಲ, ನಮ್ಮ ಅಜ್ಜಿ ಇಲ್ಲ. ಮುಚ್ಚಳ ಬಿಚ್ಚಿದ ಚಿಕ್ಕಪ್ಪನ ಸ್ಪಾನರನ್ನು ಆತ ಅಷ್ಟು ಸಲೀಸಾಗಿ ನುಂಗಿಬಿಟ್ಟಿದ್ದರು. ಮುಂದಿನ ಪತ್ರಗಳನ್ನು ನೋಡಿದರೆ, ಆ ಹಾರಾಟಕ್ಕಾಗಿ ಅವರು ವರ್ಷಗಟ್ಟಲೆ ಕಾದಿದ್ದರು, ಮತ್ತೆ ಹಾರಿಸಲು ಅನುಮತಿ ಸಿಗಲೇ ಇಲ್ಲ. ಓದುತ್ತಾ ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬರೆದಿಟ್ಟದ್ದೇ ಸುಳ್ಳಾದರೆ ಇನ್ನು ನಾನು ಯಾವುದನ್ನು ಹಿಡಿದುಕೊಳ್ಳಲಿ? ವರದಿಯ ತಲೆಯಲ್ಲಿ ತಾರೀಖಿದ್ದ ಮೂಲೆ ಹರಿದು ಹೋಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಇನ್ನೂ ಏನೂ ತೀರ್ಮಾನವಾಗಿಲ್ಲ, ಎದ್ದು ಮನೆಗೆ ಹೋಗಿಬಿಡಬಹುದು.

"ಸಾರ್, ಇದರ ಸ್ಲೈಡುಗಳೂ ಇವೆ" ಎಂದು ಆಕೆ ಒಂದು ಚಿಕ್ಕ ಡಬ್ಬಿ ತಂದಿಟ್ಟರು. "ಕಲರ್. ಗ್ಲೌಸ್ ಹಾಕ್ಕೊಳ್ಳಿ."

ಬೆಳಕಿನ ಪೆಟ್ಟಿಗೆಯ ಮೇಲೆ ಸ್ಲೈಡಿಟ್ಟು ಭೂತಗನ್ನಡಿಯಲ್ಲಿ ನೋಡಬೇಕು. ಮೊದಲಿನದು ನಮ್ಮ ಹುಳುಮನೆ. ಎರಡನೆಯದು ಹಗ್ಗದ ಮೇಲೆ ಅಮ್ಮನ ಸೀರೆಯ ಪಕ್ಕ ನೇತಾಡುತ್ತಿರುವ ಫಿಲಂ. ಅದನ್ನೂ ಅವರು ಫೋಟೋ ತೆಗೆದು ಇಟ್ಟುಕೊಂಡಿದ್ದರು. ಮೂರನೆಯದರಲ್ಲಿ ಹಿಪ್ಪುನೇರಳೆ ತೋಟ, ಕಿತ್ತಳೆ ಬಟ್ಟೆ, ಒಬ್ಬ ಗಂಡಸಿನ ಹೆಗಲ ಮೇಲೆ ಒಂದು ಮಗು. ಜೀಪಿನ ಡ್ರೈವರ್ ತೆಗೆದಿರಬೇಕು.

ಗಂಡಸು ದಪ್ಪ ಗಾಜಿನ ಕನ್ನಡಕ ಹಾಕಿದ್ದಾರೆ. ಇನ್‌ಶರ್ಟ್ ಮಾಡಿದ್ದಾರೆ. ಮಗುವಿನ ಬೆರಳು ಕನ್ನಡಕದ ಕಡ್ಡಿಗೆ ಸಿಕ್ಕಿ ಕನ್ನಡಕ ಒಂದು ಕಡೆ ಮೇಲೆದ್ದಿದೆ. ಆತ ನಗುತ್ತಿಲ್ಲ. ಅಷ್ಟು ದಣಿದ ಮುಖವನ್ನು ನಾನು ಹೆಚ್ಚು ಕಂಡಿಲ್ಲ. ಆದರೂ ಮಗುವಿನ ಕಾಲುಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಾರೆ.

ಮಗು ಬಿಳಿ ಅಂಗಿ, ನೀಲಿ ಚಡ್ಡಿ ಹಾಕಿತ್ತು. ಸರ್ಕಾರಿ ಸ್ಕೂಲಿನ ಯೂನಿಫಾರಂ. ದೊಡ್ಡ ಹುಡುಗರ ಹಳೆಯ ಬಟ್ಟೆಯನ್ನು ಸ್ಕೂಲಿಗೆ ಸೇರುವ ಮುಂಚೆಯೇ ಹಾಕಿಸುತ್ತಾರಲ್ಲ, ಅದೂ ಇರಬಹುದು ಎಂದುಕೊಂಡೆ. ಆ ಹೊತ್ತಿನಲ್ಲೂ ನನ್ನ ತಲೆ ಹಾಗೆ ಓಡುತ್ತಿತ್ತು. ಭೂತಗನ್ನಡಿಯನ್ನು ಸರಿಸಿದೆ. ಹಿಂದೆ, ಹುಳುಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಮ್ಮ ನಿಂತಿದ್ದಳು. ಅಷ್ಟು ಚಿಕ್ಕವಳಾಗಿ ಅವಳನ್ನು ನಾನು ನೋಡಿಯೇ ಇಲ್ಲ. ಅವಳ ಹಣೆ ಬರಿದಾಗಿತ್ತು. ಕೈಗಳು ಬೋಳು.

ಆಕೆ ಬಂದು ಪಕ್ಕದಲ್ಲಿ ನಿಂತರು. "ಸಾರ್, ನೀವು ಕೋಲಾರದ ಕಡೆಯವರಲ್ವಾ? ಇದರಲ್ಲಿರೋ ಮಗು ಯಾರು, ಯಾವ ಊರು ಅಂತ ನಮಗೆ ಗೊತ್ತಿಲ್ಲ. 'ಗುರುತಿಲ್ಲದ ಮಗು' ಅಂತಲೇ ಇದೆ. ನಿಮಗೇನಾದ್ರೂ..."

"ಗೊತ್ತಿಲ್ಲಮ್ಮ" ಎಂದೆ.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಮೊರ ಹಿಡಿದು ಕೂತಿದ್ದಳು. ನನ್ನ ಮುಖ ನೋಡಿದಳು. ಮೊರ ಪಕ್ಕಕ್ಕಿಟ್ಟಳು.

"ಸಿಕ್ತಾ?"

"ಸಿಕ್ತು."

"ಫೋಟೋ ತೆಗೆದಿದ್ರು ಆವತ್ತು, ನೆನಪೈತೆ."

"ನೆನಪಿಲ್ಲ ಅಂದ್ಯಲ್ಲಮ್ಮ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು, "ಆವಯ್ಯ ಬಂದು ಹಗ್ಗದ ಮೇಲೆ ನೋಡಿದ್ರು. ನೋಡಿ ಹಂಗೇ ಜಗಲಿ ಮೇಲೆ ಕೂತ್ಬಿಟ್ರು ಕಣೋ. ಜೀಪಿನೋನು ಕೂಗಾಡಿದ, ಪೊಲೀಸು ಅಂದ. ನಿಮ್ಮಜ್ಜಿ ಅಳಕ್ಕೆ ಶುರು ಮಾಡಿದ್ಲು, ನಾನೂ ಅತ್ತೆ. ಮನೇಲಿ ಗಂಡಸು ಹೋಗಿ ಆರು ತಿಂಗ್ಳೂ ಆಗಿಲ್ಲ, ಈಗ ಇದು ಬೇರೆ ಅಂತ. ನಮ್ಮನ್ನ ನೋಡಿ ನೀನೂ ಕಿರುಚಿಕೊಂಡೆ. ಆವಯ್ಯ ಎದ್ದು ಬಂದು ನಿನ್ನ ಎತ್ಕೊಂಡು ತೋಟಕ್ಕೆ ಹೋದ್ರು. ಏನೂ ಅನ್ಲಿಲ್ಲ ನಮ್ಮನ್ನ. ಒಂದು ಮಾತು ಅನ್ಲಿಲ್ಲ."

"ಅವರೆ ಸಾರು?"

"ಉಂಡ್ರು. ಎರಡು ಸಲ ಹಾಕಿಸ್ಕೊಂಡ್ರು."

"ಮತ್ತೆ ನಾಯ್ನ?"

ಅಮ್ಮನಿಗೆ ನಗು ಬಂತು. ನಗುತ್ತಾ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ಅವರೆ ಮುಟ್ತಿರ್ಲಿಲ್ಲ ಕಣೋ. ಲಾರಿ ಓಡ್ಸೋನಿಗೆ ಹೊಟ್ಟೆ ಉಬ್ಬರ ಆಗ್ತದೆ ಅಂತ ವಾಸ್ನೆ ಬಂದ್ರೆ ಎದ್ದೋಗ್ತಿದ್ದ."

ಇದನ್ನು ಓದುವವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆ ಇಷ್ಟವಾದುದನ್ನೆಲ್ಲ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಅದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಅಪ್ಪನ ಎಡೆಯಲ್ಲಿ ಪ್ರತಿ ಆಷಾಢದಲ್ಲೂ ಅವರೆಬೇಳೆ ಸಾರು ಇರುತ್ತಿತ್ತು. ಆಗ ಹಸಿ ಅವರೆ ಸಿಗುವುದಿಲ್ಲ. ಅಮ್ಮ ಒಣ ಅವರೆಯನ್ನು ಹಿಂದಿನ ದಿನವೇ ನೆನೆಹಾಕಿ, ಒಂದೊಂದೇ ಕಾಳು ಹಿದುಕಿ ಮಾಡುತ್ತಿದ್ದಳು.

"ಮೊದಲ್ನೇ ತಿಥೀಲಿ ನೀನೇ ಎಲೆ ಮುಂದೆ ಕೂತು ಹಟ ಮಾಡ್ದೆ. ಅವರೆ ಸಾರು ಹಾಕು, ನಾಯ್ನಂಗೆ ಇಷ್ಟ, ನನ್ನ ಹೊತ್ಕೊಂಡು ಬಂದು ಉಂಡ್ನಲ್ಲ ಅಂದೆ. ಎಲ್ರೂ ನಿನ್ನ ಮುಖ ನೋಡಿದ್ರು. ನಿಂಗೆ ಅವನ ನೆನಪೇ ಇಲ್ಲ ಅಂತ ನಂಗೆ ಆಗ ಗೊತ್ತಾಯ್ತು. ಇರೋದು ಅದೊಂದು. ಅದನ್ನೂ ಯಾಕೆ ಕಿತ್ಕೊಳ್ಳಲಿ ಅಂತ ಹಾಕ್ಬಿಟ್ಟೆ. ಆಮೇಲೆ ಹಂಗೇ ನಡ್ಕೊಂಡು ಬಂತು."

"ಇಷ್ಟು ವರ್ಷ ಅವನು ಎಲೆ ಬಿಟ್ಟು ಎದ್ದುಹೋಗ್ತಿದ್ನೇನೋ" ಎಂದೆ, ತಮಾಷೆಗೆ. ಎಡೆ, ಆತ್ಮ ಇವೆಲ್ಲ ನಾನು ನಂಬುವುದಿಲ್ಲ. ಆದರೆ ಮಾತು ಬಾಯಿಂದ ಹೊರಬಿದ್ದ ಮೇಲೆ ಅಮ್ಮನ ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದೆ.

ಅವತ್ತಿನಿಂದ ಅಪ್ಪನದೇ ಆದ ಒಂದು ನೆನಪಿಗಾಗಿ ಹುಡುಕಿದ್ದೇ ಹುಡುಕಿದ್ದು. ಬೀಡಿಯ ವಾಸನೆ, ಲಾರಿಯ ಹಾರನ್ನು, ಖಾಕಿ ಅಂಗಿ, ಒಂದು ಬೈಗುಳವಾದರೂ ಸರಿ. ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಊಟದ ನಡುವೆ. ಏನೋ ಒಂದು ಕಂಡ ಹಾಗಾಗುತ್ತಿತ್ತು. ಹಿಡಿದು ನೋಡಿದರೆ ಅದು ಚಿಕ್ಕಪ್ಪ ಹೇಳಿದ್ದೋ ಸಿನಿಮಾದಲ್ಲಿ ನೋಡಿದ್ದೋ ಆಗಿರುತ್ತಿತ್ತು. ಮುಳಬಾಗಿಲಿನ ಹೆದ್ದಾರಿ ಬದಿಯಲ್ಲಿ ಲಾರಿಗಳನ್ನು ನೋಡುತ್ತಾ ಒಂದು ಮಧ್ಯಾಹ್ನವೆಲ್ಲ ನಿಂತಿದ್ದೆ. ಒಬ್ಬ ಡ್ರೈವರು ಇಳಿದು ಬಂದು, "ಏಂ ಸಾರ್, ಯಾವೂರಿಗೆ ಹೋಗ್ಬೇಕು?" ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುಡಿದಿದ್ದಾನೆಂದುಕೊಂಡು ಹೋದ.

ಅಮ್ಮ ಒಂದು ದಿನ ಕೇಳಿದಳು. "ಆ ಫೋಟೋದಾಗೆ ನಾನಿದೀನಾ?"

"ಇದೀಯ. ಬಾಗಿಲಲ್ಲಿ."

"ನನ್ನ ಆ ವಯಸ್ಸಿನದು ಒಂದೂ ಇಲ್ವಲ್ಲೋ. ನೋಡ್ಬೇಕಿತ್ತು."

ಪ್ರತಿ ಬೇಕೆಂದರೆ ಅದರಲ್ಲಿರುವವರು ಯಾರೆಂದು ಹೇಳಬೇಕು. ಸಂಗ್ರಹಾಲಯಕ್ಕೆ ಫೋನು ಮಾಡಿದೆ. "ಆ ಮಗು ನಾನೇ ಕಣಮ್ಮ" ಎಂದೆ. "ಅಯ್ಯೋ ಸಾರ್!" ಎಂದರು ಆಕೆ. ಎಷ್ಟು ಖುಷಿಯಾಗಿತ್ತೆಂದರೆ ಪಕ್ಕದಲ್ಲಿದ್ದ ಯಾರಿಗೋ ಕೂಗಿ ಹೇಳಿದರು. "ಹಿಂದೆ ನಿಂತಿರೋರು?" "ನಮ್ಮ ತಾಯಿ." "ಹೊತ್ಕೊಂಡಿರೋದು ನಮ್ಮ ಸೈಂಟಿಸ್ಟೇ ಅಲ್ವಾ ಸಾರ್? ನಮಗೆ ಅದೂ ಖಾತ್ರಿ ಇರ್ಲಿಲ್ಲ, ಕನ್ನಡಕ ಓರೆ ಆಗಿ ಮುಖ ಸರಿಯಾಗಿ ಕಾಣ್ಸಲ್ಲ." ಕನ್ನಡಕವನ್ನು ಓರೆ ಮಾಡಿದವನು ನಾನು. ಅಲ್ಲ, ನಮ್ಮ ತಂದೆ ಎಂದು ಆಗಲೂ ಹೇಳಬಹುದಿತ್ತು, ಕೇಳುವವರಿರಲಿಲ್ಲ. "ಹೌದಮ್ಮ, ಅವರೇ" ಎಂದೆ. ವರದಿಯ ಬಗ್ಗೆ ಹೇಳಲಿಲ್ಲ. ಅದರೊಳಗಿನ ಸುಳ್ಳು ಅವರು ಅಜ್ಜಿಗೆ ಕೊಟ್ಟು ಹೋದದ್ದು, ಅದನ್ನು ತಿದ್ದುವ ಅಧಿಕಾರ ನನಗಿದೆ ಎನಿಸಲಿಲ್ಲ.

ಫೋಟೋ ಬಂತು. ಅಮ್ಮ ತನ್ನನ್ನು ತಾನು ನೋಡಿಕೊಂಡಳು. ಬರಿ ಹಣೆಯ ಮೇಲೆ ಬೆರಳಿಟ್ಟು, "ಎಷ್ಟು ಸಣ್ಣೋಳಿದ್ದೆ" ಎಂದಳು. ಅದನ್ನು ತನ್ನ ಟ್ರಂಕಿನಲ್ಲಿಟ್ಟುಕೊಂಡಳು.

ಈ ಆಷಾಢದಲ್ಲಿ ಊರಿಗೆ ಹೋದೆವು. ಅಪ್ಪನಿಗೆ ಏನು ಇಷ್ಟವಿತ್ತು ಎಂದು ಕೇಳಿದ್ದಕ್ಕೆ ಅಮ್ಮ ಮೊಳಕೆ ಹುರುಳಿಯ ಬಸ್ಸಾರು ಎಂದಳು, ಚಿಕ್ಕಪ್ಪ ಕುರಿ ಕರುಳಿನ ಬೋಟಿ ಎಂದ. ಎರಡೂ ಆಯಿತು, ಬೀಡಿಯ ಕಟ್ಟೂ ಬಂತು. ನಾನೇ ಬಡಿಸಿದೆ. ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು.

ನಾನು ಬಾಗಿಲಿಗೆ ಬೆನ್ನು ಕೊಟ್ಟು, ಹಿಂದಿನಿಂದ ಚಿಲಕ ಹಿಡಿದು ನಿಂತು ಕಣ್ಣು ಮುಚ್ಚಿದೆ. ಒಳಗೆ ಎಲೆಯ ಮುಂದೆ ಯಾರನ್ನಾದರೂ ಕೂರಿಸಲು ನೋಡಿದೆ. ಮತ್ತೆ ಅದೇ ಕನ್ನಡಕ, ಅದೇ ಇನ್‌ಶರ್ಟ್. ಆತನನ್ನು ಎಬ್ಬಿಸಿ ಕಳಿಸಿದೆ. ಜಾಗ ಖಾಲಿಯಾಯಿತು. ಯಾರೂ ಬರಲಿಲ್ಲ.

"ಸಾಕು ಬಾಗ್ಲು ತೆಗಿಯೋ" ಎಂದ ಚಿಕ್ಕಪ್ಪ, ಜಗಲಿಯಿಂದ. "ನಿಮ್ಮಪ್ಪ ಬೋಟಿ ಮುಂದೆ ಇಷ್ಟೊತ್ತು ಕೂರೋನಲ್ಲ. ಉಂಡು, ಲಾರಿ ಹತ್ತಿ, ಇಷ್ಟೊತ್ಗೆ ನಂಗಲಿ ದಾಟಿರ್ತಾನೆ. ಹೊಟ್ಟೆ ಹಸೀತೈತೆ ಕಣ್ಲಾ."

"ಇನ್ನೊಂಚೂರು ಇರು ಚಿಕ್ಕಪ್ಪ" ಎಂದೆ. ಬಾಗಿಲ ಚಿಲಕವನ್ನು ಬಿಡಲಿಲ್ಲ.